ಎಳೆ ತಪ್ಪಿದ ಪಟ್ಟು

ಕಸ್ತೂರಿ ಅಕ್ಕೋರ ಆಶ್ರಮದ ಬಾಗಿಲ ಮೇಲೆ ಇವತ್ತಿಗೂ 'ಟೈಪಿಂಗ್ ಕ್ಲಾಸ್' ಎಂಬ ಬೋರ್ಡೇ ಇದೆ. ಅದನ್ನು ಆಶ್ರಮ ಎಂದು ಕರೆದವರು ಶಿಷ್ಯರು. ಅಕ್ಕೋರ ಕಿವಿಗೆ ಬಿದ್ದರೆ ಬೈಸಿಕೊಳ್ಳುತ್ತಿದ್ದರು.

ನದಿಯ ದಂಡೆಗೆ ಒಂದೇ ಉದ್ದನೆಯ ಕೋಣೆ. ಅಕ್ಕೋರು ಮೂವತ್ತು ವರ್ಷ ಅಲ್ಲಿ ಟೈಪಿಂಗ್ ಕಲಿಸಿದರು. ಟೈಪ್‌ರೈಟರುಗಳ ಕಾಲ ಮುಗಿಯಿತು. ಅವೇ ಮೇಜುಗಳ ಮೇಲೆ ಟೀವಿ ಬಂದವು, ಆಟದ ಮಷಿನ್ನು ಬಂದವು. ಇಬ್ಬರು ಪಕ್ಕಪಕ್ಕ ಕೂತು, ಪರದೆಯ ಮೇಲಿನ ಇಬ್ಬರು ಜಟ್ಟಿಗಳನ್ನು ಬಟನ್ ಒತ್ತಿ ಬಡಿದಾಡಿಸುವ ಆಟ.

ಅರವತ್ತರ ಹತ್ತಿರದ ಹೆಂಗಸಿಗೆ ಇದೆಂಥಾ ಹುಚ್ಚು ಎಂದು ಓಣಿಯವರು ಮೊದಮೊದಲು ನಕ್ಕರು. ಅಕ್ಕೋರು ಆಟವಾಡಲು ಬಂದವರಿಂದಲೇ ಕೇಳಿ ಕೇಳಿ ಆಟ ಕಲಿತರು. ಕೈ ನೋಡದೆ ಬೆರಳಾಡಿಸುವುದು ಅವರಿಗೆ ಹೊಸದೇನೂ ಅಲ್ಲವಲ್ಲ. ಆರು ತಿಂಗಳಿಗೆ, ಕಲಿಸಿದವರನ್ನೇ ಸೋಲಿಸತೊಡಗಿದರು. ಓಣಿಯ ನಗು ನಿಂತಿತು.

ತಿಂಗಳ ಕೊನೆಯ ಭಾನುವಾರ ಅಲ್ಲಿ ಟೂರ್ನಮೆಂಟು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರುಗಳು. ದೂರದ ಊರಿನವರ ಆಟ ಮೊದಲು, ಅವರಿಗೆ ಬಸ್ಸು ತಪ್ಪಬಾರದು. ಒಮ್ಮೆ ಸೋತರೆ ಮನೆಗೆ ಹೋಗಬೇಕಿಲ್ಲ, ಇನ್ನೊಂದು ಅವಕಾಶ ಉಂಟು. ಕರೆಂಟು ಕೈಕೊಟ್ಟರೂ ಯಾರೂ ಏಳುವಂತಿಲ್ಲ. ಮೇಜಿನ ಮೇಲೆಯೇ ಬೆರಳಾಡಿಸಿ ರೂಢಿ ಮಾಡಬೇಕು.

"ಕರೆಂಟ್ ಹೋಗೇತಿ. ನಿಮ್ಮ ಬೆರಳೂ ಹೋಗ್ಯಾವೇನು?" ಎನ್ನುತ್ತಿದ್ದರು ಅಕ್ಕೋರು.

ಗೆದ್ದವರಿಗೆ ಒಂದು ಹಿತ್ತಾಳೆಯ ತಂಬಿಗೆ. ಆದರೆ ಗೆದ್ದ ಕೂಡಲೇ ಅದನ್ನು ಮುಟ್ಟುವ ಹಾಗಿರಲಿಲ್ಲ. ಯಾವ ಪಟ್ಟು ಹಾಕಿ ಗೆದ್ದೆ ಎಂಬುದನ್ನು ಮೊದಲು ಎಲ್ಲರ ಮುಂದೆ ಬಿಚ್ಚಿ ತೋರಿಸಬೇಕು.

ಆ ಸೀಮೆಯಲ್ಲಿ ಕುಸ್ತಿಯ ಮಾತು ಎಲ್ಲರ ಬಾಯಲ್ಲೂ ಇದ್ದದ್ದೇ. ಹಾಗಾಗಿ ಬಟನ್ನಿನ ವರಸೆಗೂ ಪಟ್ಟು ಎಂದೇ ಹೆಸರು ಬಿದ್ದಿತ್ತು.

ತೋರಿಸಿದರಷ್ಟೇ ಸಾಲದು. ಅವತ್ತು ಬಂದವರಲ್ಲಿ ತೀರಾ ಕೊನೆಯವರ ಕೈಗೂ ಆ ಪಟ್ಟು ಬರಬೇಕು. ಅಲ್ಲಿಯವರೆಗೆ ತಂಬಿಗೆ ಅಕ್ಕೋರ ಮಡಿಲಲ್ಲೇ. ಗೆದ್ದವರು ಬೆವರು ಒರೆಸಿಕೊಳ್ಳುತ್ತ ಸೋತವರಿಗೆ ಪಾಠ ಹೇಳುವ ಆ ನೋಟ ನೋಡಲಿಕ್ಕೆಂದೇ ಕೆಲವರು ಬಂದು ನಿಲ್ಲುತ್ತಿದ್ದರು. ಅಷ್ಟು ಚಂದದ ಪದ್ಧತಿ ಅದು.

ಅಕ್ಕೋರ ಶಿಷ್ಯರಲ್ಲಿ ಮೌನೇಶ ಎಂಬವನಿದ್ದ. ನದಿಯಿಂದ ಒಂದೂವರೆ ತಾಸಿನ ದಾರಿ, ಗುಡ್ಡದ ಕೆಳಗಿನ ಊರು ಅವನದು. ಬಡಿಗೇರ ಮನೆತನ, ಇಪ್ಪತ್ನಾಲ್ಕರ ಪ್ರಾಯ. ವಾರವಿಡೀ ಅಪ್ಪನ ಜೊತೆ ಬಾಗಿಲು, ಕಿಟಕಿಯ ಕೆಲಸ. ಭಾನುವಾರ ಮೊದಲ ಬಸ್ಸಿಗೆ ಅಕ್ಕೋರ ಕೋಣೆ. ಎರಡು ವರ್ಷದಲ್ಲಿ ಒಂದು ಭಾನುವಾರವನ್ನೂ ಅವನು ತಪ್ಪಿಸಲಿಲ್ಲ.

ಅವನೇ ಕಂಡುಕೊಂಡ ಪಟ್ಟೊಂದಿತ್ತು. ಕೆಳಗಿನಿಂದ ಒಂದು ಒದೆ. ಹಿಂದಕ್ಕೊಂದು ಹೆಜ್ಜೆ. ಆಮೇಲೆ ಮೇಲಿನಿಂದ ಏಟು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಅರ್ಧ ಉಸಿರಿನಷ್ಟು ತಡೆಯಬೇಕು. ಎದುರಾಳಿ ಮೋಸಹೋಗಿ ಮುಂದೆ ಬರುವುದು ಆ ಅರ್ಧ ಉಸಿರಿನಲ್ಲೇ. ಅಕ್ಕೋರ ಕೋಣೆಯಲ್ಲಿ ಅವನು ಅದನ್ನು ತೋರಿಸಿದ್ದ, ಎಲ್ಲರೂ ಕಲಿತಿದ್ದರು.

ಒಂದು ಭಾನುವಾರ ಅವನು ಅಕ್ಕೋರ ಮುಂದೆ ಬಂದು ನಿಂತ. ಅಕ್ಕೋರು ನದಿಯ ಮೆಟ್ಟಿಲ ಮೇಲೆ ಕೂತು ಟೀವಿ ಒರೆಸುವ ಬಟ್ಟೆ ಹಿಂಡುತ್ತಿದ್ದರು.

"ಅಕ್ಕೋರ, ನಮ್ಮೂರಾಗೂ ಒಂದು ಟೂರ್ನಮೆಂಟ್ ಚಾಲೂ ಮಾಡಬೇಕಂತ ಮಾಡೇನ್ರಿ."

"ಮಾಡು."

"ಗರಡಿ ಮನಿ ಖಾಲಿ ಬಿದ್ದೈತ್ರಿ. ಬಾಳಪ್ಪಜ್ಜ ಕೀಲಿ ಕೊಡ್ತೀನಿ ಅಂದಾನ."

"ಚಲೋ ಆತು."

"ಮೊದಲ್ನೇ ಸಲಕ್ಕನ ಮೂವತ್ತು ಮಂದಿ ಬರ್ತಾರ್ರಿ."

"ಮೊದಲ್ನೇ ಸಲ ಯಾರರ ಬರ್ತಾರ. ಎರಡ್ನೇ ಸಲ ಯಾರ್ ಬರ್ತಾರ?"

ಮೌನೇಶ ನಕ್ಕ. "ಅವರ ಬರ್ತಾರ್ರಿ."

ಅಕ್ಕೋರು ನಗಲಿಲ್ಲ. ಒಳಗಿನಿಂದ ಒಂದು ಹೊಸ ತಂಬಿಗೆ ತಂದು ಅವನ ಕೈಗಿಟ್ಟರು.

"ಪದ್ಧತಿ ಗೊತ್ತೈತೆಲ್ಲ?"

"ಗೊತ್ತೈತ್ರಿ."

ಮೌನೇಶ ತನ್ನೂರಿನಲ್ಲಿ ಗೌಜಿಯನ್ನೇ ಎಬ್ಬಿಸಿದ. ಗರಡಿಯ ಬಾಗಿಲಿಗೆ ಬ್ಯಾನರು ಕಟ್ಟಿದ. ಮೈಕು ತಂದ. ಮಷಿನ್ನು ಇದ್ದವರ ಮನೆಮನೆಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ನಾಲ್ಕು ಮಷಿನ್ನು ತಂದ. ಟೀವಿ ಇಡಲು ಅಪ್ಪನೇ ಹಲಗೆ ಬಡಿದುಕೊಟ್ಟ.

ಬಾಳಪ್ಪಜ್ಜ ಹಳೆಯ ಪೈಲ್ವಾನ. ಗರಡಿಯ ಕೀಲಿ ಅವನ ಉಡಿದಾರದಲ್ಲೇ ಇರುತ್ತಿತ್ತು. ಕುಸ್ತಿಗೆ ಬರುವವರು ನಿಂತು ಎಂಟು ವರ್ಷವಾಗಿತ್ತು. ಅಜ್ಜ ಅಖಾಡದ ಕೆಂಪು ಮಣ್ಣನ್ನು ಸರಿಮಾಡಿ, ಸುತ್ತಲೂ ಚಾಪೆ ಹಾಸಿದ.

"ಕೈಲೆ ಹೊಡೀರಿ, ಬಟನ್‌ಲೆ ಹೊಡೀರಿ. ಒಟ್ಟ ಗರಡಿಯೊಳಗ ಮಂದಿ ಇರಬೇಕಪಾ," ಎಂದ.

ಮೂವತ್ತೆರಡು ಮಂದಿ ಬಂದರು. ಮೌನೇಶನೇ ಗೆದ್ದ. ಶಿಳ್ಳೆ ಬಿದ್ದವು. ಅವನ ಅಪ್ಪ ಬಾಗಿಲಲ್ಲಿ ನಿಂತು, ಯಾರೂ ಕೇಳದಿದ್ದರೂ, "ನಮ್ಮಾಂವ," ಎಂದ.

ಆಮೇಲೆ ಪಟ್ಟು ಬಿಚ್ಚುವ ಹೊತ್ತು ಬಂತು.

ಮೌನೇಶ ಮಷಿನ್ನಿನ ಮುಂದೆ ಕೂತ. ತನ್ನೂರಿನ ಅಷ್ಟೂ ಕಣ್ಣು ತನ್ನ ಕೈ ಮೇಲಿದ್ದವು. ಮುಂದಿನ ತಿಂಗಳು ಇವರಲ್ಲೇ ಯಾರೋ ಒಬ್ಬರು, ಇದೇ ಪಟ್ಟು ಹಾಕಿ, ಅಪ್ಪನ ಎದುರು ತನ್ನನ್ನು ಕೆಡವಿದರೆ?

"ಕೆಳಗಿನ ಒದಿ. ಹಿಂದಕ್ಕೊಂದು ಹೆಜ್ಜಿ. ಮ್ಯಾಲಿನ ಏಟು. ಇಷ್ಟ ನೋಡ್ರಿ," ಎಂದ.

ನಡುವಿನ ಅರ್ಧ ಉಸಿರಿನ ಮಾತನ್ನು ನುಂಗಿಕೊಂಡ.

ಎಲ್ಲರೂ ಮಾಡಿ ನೋಡಿದರು. ಹತ್ತು ಸಲ ಮಾಡಿದರೆ ಒಂದೋ ಎರಡೋ ಸಲ ತಾನಾಗಿ ಬರುತ್ತಿತ್ತು. ಉಳಿದಂತೆ ಏಟು ಗಾಳಿಗೆ.

"ರೂಢಿ ಮಾಡ್ರಿ, ಬರ್ತೈತಿ," ಎಂದು ಮೌನೇಶ ತಂಬಿಗೆ ಎತ್ತಿಕೊಂಡ. ತಡೆಯಲು ಅಲ್ಲಿ ಅಕ್ಕೋರಿರಲಿಲ್ಲವಲ್ಲ.

ಬಂದವರಲ್ಲಿ ಶಂಕ್ರವ್ವ ಎಂಬ ನೇಕಾರರ ಹೆಣ್ಣುಮಗಳಿದ್ದಳು. ಮೂವತ್ತರ ಆಸುಪಾಸು. ಗಂಡನದು ಟೀವಿ ರಿಪೇರಿ ಅಂಗಡಿ. ರಿಪೇರಿಗೆಂದು ಯಾರೋ ಕೊಟ್ಟು ಮರಳಿ ಒಯ್ಯಲು ಬಾರದೇಹೋದ ಮಷಿನ್ನಿನಲ್ಲಿ ಅವಳು ಆಟ ಕಲಿತಿದ್ದಳು. ಮಧ್ಯಾಹ್ನದ ಊಟವಾಗಿ ಮಗ್ಗಕ್ಕೆ ಮರಳುವ ಮೊದಲು ದಿನಕ್ಕೆ ಅರ್ಧ ತಾಸು.

ಎರಡನೆಯ ತಿಂಗಳು ಪಟ್ಟು ತೋರಿಸಿದ ಮೇಲೆ ಅವಳು ಮೌನೇಶನ ಹತ್ತಿರ ಬಂದಳು.

"ಮೌನೇಶಣ್ಣಾರ, ತಿಂಗಳಾತ್ರಿ, ದಿನಾ ಮಾಡೀನಿ. ಈ ಪಟ್ಟಿನೊಳಗ ಒಂದು ಎಳಿ ತಪ್ಪೇತಿ ಅನಸ್ತೈತ್ರಿ."

ಮೌನೇಶ ಮಷಿನ್ನಿನ ವೈರು ಸುತ್ತತೊಡಗಿದ.

"ಎಳಿ ಗಿಳಿ ಏನಿಲ್ರಿ. ಬೆರಳು ಇನ್ನೂ ಚುರುಕಾಗಬೇಕ್ರಿ," ಎಂದ.

ಶಂಕ್ರವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಮುಂದಿನ ತಿಂಗಳು ಅವಳು ಬರಲಿಲ್ಲ.

ಬರದವಳು ಅವಳೊಬ್ಬಳೇ ಅಲ್ಲ. ಎರಡನೆಯ ತಿಂಗಳು ಇಪ್ಪತ್ತೊಂದು ಮಂದಿ ಇದ್ದರು. ಮೂರನೆಯದಕ್ಕೆ ಹನ್ನೆರಡು. ನಾಲ್ಕನೆಯದಕ್ಕೆ ಆರು, ಅದರಲ್ಲಿ ಮೂವರು ಮೌನೇಶನ ಚಿಕ್ಕಪ್ಪನ ಮಕ್ಕಳು. ನಾಲ್ಕೂ ಸಲ ಅವನೇ ಗೆದ್ದ. ನಾಲ್ಕನೆಯ ಸಲ ಶಿಳ್ಳೆ ಹೊಡೆಯಲೂ ಯಾರಿರಲಿಲ್ಲ. ಮೈಕಿನವನು ಮೈಕು ಬಿಚ್ಚಿಕೊಂಡು ಮೊದಲೇ ಹೋಗಿದ್ದ.

ಬಾಳಪ್ಪಜ್ಜ ಚಾಪೆ ಸುತ್ತುತ್ತ ಹೇಳಿದ.

"ಮೌನ್ಯಾ, ಮುಂದಿನ ಸಲ ಹತ್ತು ಮಂದಿನೂ ಬರಲಿಲ್ಲಂದ್ರ ಕೀಲಿ ಬ್ಯಾರೆ ಮಂದಿಗೆ ಕೊಡ್ತೀನಪಾ. ಉಳ್ಳಾಗಡ್ಡಿ ಚೀಲ ಇಡಾಕ ಕೇಳ್ಯಾರ."

"ಗರಡಿಯೊಳಗ ಉಳ್ಳಾಗಡ್ಡಿ ಏನಜ್ಜಾ?"

"ಖಾಲಿ ಇರೂದಕ್ಕಿಂತ ಅದರ ಇರಲಿ. ಖಾಲಿ ಗರಡಿ ನೋಡಿ ನೋಡಿ ನನಗ ಸಾಕಾಗೇತಿ."

ಎಂಟು ವರ್ಷದ ಮೇಲೆ ತೆರೆದ ಬಾಗಿಲು ಅದು. ಅಜ್ಜನ ಮುಖ ನೋಡಲು ಮೌನೇಶನಿಗೆ ಆಗಲಿಲ್ಲ. ಈ ಟೂರ್ನಮೆಂಟು ನಿಂತರೆ ಮತ್ತೊಮ್ಮೆ ಆ ಬಾಗಿಲು ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮರುದಿನವೇ ಬಸ್ಸು ಹಿಡಿದು ನದಿಗೆ ಹೋದ. ಅಕ್ಕೋರು ಅವಲಕ್ಕಿ ಹಸನು ಮಾಡುತ್ತ ಕೂತಿದ್ದರು.

"ಅಕ್ಕೋರ, ನಮ್ಮೂರ ಮಂದಿಗೆ ಆಸಕ್ತಿನ ಇಲ್ರಿ."

"ಹೌದಾ?"

"ತಾಳ್ಮಿ ಇಲ್ರಿ. ಒಂದು ಪಟ್ಟು ಕೈಗೆ ಬರೂತನಾ ಕುಂಡ್ರಂಗಿಲ್ಲ. ಎದ್ದು ಹೋಗಿಬಿಡ್ತಾರ."

"ಪಾಪ."

ಅಕ್ಕೋರು ಅವಲಕ್ಕಿಯ ಮೊರ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಮಷಿನ್ನಿನ ಮುಂದೆ ಬಂದು ಕೂತರು.

"ನಿನ್ನ ಪಟ್ಟು ನನಗೊಮ್ಮೆ ಕಲಸು."

"ನಿಮಗ ಬರ್ತೈತೆಲ್ರಿ."

"ಬರಂಗಿಲ್ಲ ಅಂತ ತಿಳಕೊ. ನಿಮ್ಮೂರಾಗ ಹೆಂಗ ಕಲಸ್ತಿ, ಹಂಗ ಕಲಸು."

ಮೌನೇಶ ಶುರುಮಾಡಿದ. "ಕೆಳಗಿನ ಒದೀರಿ. ಹಿಂದಕ್ಕೊಂದು ಹೆಜ್ಜಿ…"

ಅಲ್ಲಿ ಅವನ ನಾಲಿಗೆ ನಿಂತಿತು. ಊರವರ ಮುಂದೆ ನಾಲ್ಕು ಸಲ ಸರಾಗವಾಗಿ ಬಂದ ಮಾತು ಅಕ್ಕೋರ ಮುಂದೆ ಬರಲಿಲ್ಲ.

"ಯಾಕ ನಿಂತಿ?"

"ಇಲ್ಲಿ ಅರ್ಧ ಉಸಿರು ತಡೀಬೇಕ್ರಿ."

"ಅದು ನನಗ ಗೊತ್ತೈತಿ. ಅವರಿಗೆ ಗೊತ್ತೈತೇನು?"

ಮೌನೇಶ ತಲೆ ತಗ್ಗಿಸಿದ. "ಇಲ್ರಿ."

"ನನ್ನ ಕೋಣಿಯೊಳಗ ಹೇಳಿದ್ದೆಲ್ಲ?"

"ಇಲ್ಲಿ ಸೋತರ ನಡೀತೈತ್ರಿ, ಅಕ್ಕೋರ. ಅದು ನಮ್ಮೂರು. ಅಪ್ಪ ನೋಡ್ತಿರ್ತಾನ. ಅಲ್ಲಿ ಸೋತರ ಮಂದಿ ಏನಂದಾರು?"

ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕೋರು ಬೈಯಲಿಲ್ಲ.

"ಬಿಟ್ಟು ಹೋದವರಾಗ ನಿನಗ ಮೊದಲು ನೆನಪಾಗೂದು ಯಾರು?"

"ಶಂಕ್ರವ್ವ ಅಂತ್ರಿ. ನೇಕಾರರಾಕಿ."

"ಆಕಿ ಮನಿಗೆ ಹೋಗು. ಆಟಕ್ಕ ಬಾ ಅಂತ ಕರೀಬ್ಯಾಡ. ಆಕಿ ಕೆಲಸ ಏನೈತಿ, ಅದನ್ನ ಒಂದೀಟು ಕಲಸವ್ವಾ ಅಂತ ಕೇಳು."

"ಮಗ್ಗದ ಕೆಲಸ ಕಲತು ನಾ ಏನು ಮಾಡ್ಲೆರಿ?"

"ಹತ್ತೂವರಿಗೆ ಬಸ್ಸೈತಿ. ಅವಲಕ್ಕಿ ತಿಂದು ಹೋಗು."

ಮೌನೇಶ ತಿಂದ. ಹೋದ.

ಶಂಕ್ರವ್ವನ ಮನೆಯ ಪಡಸಾಲೆಯ ತುಂಬ ಮಗ್ಗ. ಅವಳು ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದಳು. ಬಾಗಿಲಲ್ಲಿ ನಿಂತವನನ್ನು ನೋಡಿ, ನೂಲು ಹೊತ್ತು ಅತ್ತಿತ್ತ ಓಡುತ್ತಿದ್ದ ಲಾಳಿ ನಿಲ್ಲಿಸಿದಳು.

"ಬರ್ರಿ ಮೌನೇಶಣ್ಣಾರ. ಆಟಕ್ಕ ಕರ್ಯಾಕ ಬಂದ್ರೇನು? ನಾ ಬಿಟ್ಟೇನ್ರಿ. ನನ್ನ ಕೈಗೆ ಅದು ಹತ್ತಂಗಿಲ್ಲ."

"ಅದಕ್ಕಲ್ರಿ. ನಿಮ್ಮ ಕೆಲಸ ಒಂದೀಟು ಕಲಸ್ತೀರೇನು ಅಂತ ಬಂದೆ."

ಶಂಕ್ರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬಡಿಗೇರ ಹುಡುಗನಿಗೆ ಬಿಸಿಲು ನೆತ್ತಿಗೇರಿರಬೇಕು ಎನಿಸಿತೇನೋ, ನೀರು ಕೊಟ್ಟಳು. ಆಮೇಲೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಕಡಿದ ಎಳಿ ಕೂಡಿಸೂದು ಕಲೀರಿ. ಅದು ಮೊದಲ್ನೇ ಪಾಠ."

ರೇಷ್ಮೆಯ ಎರಡು ತುದಿ ಅವನ ಕೈಗೆ ಕೊಟ್ಟು ಹೊಸೆಯಲು ಹೇಳಿದಳು. ಹೊಸೆದ. ಜಾರಿತು. ಮತ್ತೆ ಹೊಸೆದ. ಮತ್ತೆ ಜಾರಿತು. ಬಾಗಿಲು ಕೆತ್ತುವ ಬೆರಳಿಗೆ ಆ ನೂಲು ಇದ್ದದ್ದೇ ಗೊತ್ತಾಗುತ್ತಿರಲಿಲ್ಲ.

"ನನ್ನ ಬೆರಳ ಸರಿ ಇಲ್ಲ ಬಿಡ್ರಿ," ಎಂದ.

"ಏ, ಬೆರಳು ಏನು ಮಾಡ್ಯಾವ್ರಿ ಪಾಪ?"

ಶಂಕ್ರವ್ವ ಮಗ್ಗದ ಕೆಳಗಿನಿಂದ ಒಂದು ಕರಟ ಎತ್ತಿ ತಂದಳು. ಅದರಲ್ಲಿ ಒಲೆಯ ಬೂದಿ ಇತ್ತು.

"ಈಟು ಬೂದಿ ಹಚ್ಚಿಕೋರಿ. ಇದನ್ನ ಹೇಳದಿದ್ರ ಹತ್ತು ವರ್ಷ ಹೊಸದ್ರೂ ನಿಮಗ ಬರಂಗಿಲ್ಲ."

ಮೌನೇಶ ಬೂದಿ ಹಚ್ಚಿಕೊಂಡು ಹೊಸೆದ. ಎಳೆ ಕೂಡಿತು.

ಅವನು ಆ ಎಳೆಯನ್ನೇ ನೋಡುತ್ತ ಕೂತ. ಕಣ್ಣು ಮಂಜಾದವು.

"ಯಾಕ್ರಿ, ಏನಾತು?"

"ಅಕ್ಕಾ, ಆ ಪಟ್ಟಿನೊಳಗ ಒಂದು ಎಳಿ ತಪ್ಪೇತಿ ಅಂತ ನೀವು ಅಂದಿದ್ರೆಲ್ಲ. ಖರೇ ಐತ್ರಿ. ಅದನ್ನ ನಾನ ಮುಚ್ಚಿಟ್ಟಿದ್ದೆ."

ಶಂಕ್ರವ್ವನ ಕೈ ಲಾಳಿಯ ಮೇಲೆಯೇ ನಿಂತಿತು. ಅಲ್ಲಿಯವರೆಗಿನ 'ರೀ' ಒಮ್ಮೆಗೇ ಉದುರಿಹೋಯಿತು.

"ಒಂದು ತಿಂಗಳು, ತಮ್ಮಾ. ಒಂದು ತಿಂಗಳು ನಾ ನನ್ನ ಬೆರಳಿಗೆ ಬೈದೀನಿ. ಹನ್ನೆರಡು ವರ್ಷದಾಕಿ ಇದ್ದಾಗಿಂದ ನೇಯಾಕ ಹತ್ತೀನಿ, ಈ ಬೆರಳು ನನಗ ಎಂದೂ ದಗಾ ಮಾಡಿಲ್ಲ. ನಿನ್ನ ಮಾತು ನಂಬಿ ಇವು ಕೆಟ್ಟಾವು ಅಂತ ತಿಳಕೊಂಡೆ."

ಮೌನೇಶನಿಗೆ ಯಾರೂ ಇಷ್ಟು ದೊಡ್ಡ ಏಟು ಕೊಟ್ಟಿರಲಿಲ್ಲ. ನಾಲ್ಕು ತಿಂಗಳು ಎಷ್ಟು ಮಂದಿ ಹೀಗೆ ತಮ್ಮ ಕೈಗಳಿಗೆ ತಾವೇ ಬೈದುಕೊಂಡು ಮನೆಗೆ ಹೋದರೋ ಎಂದು ಅವನಿಗೆ ಅವತ್ತು ಹೊಳೆಯಿತು. ಸೋಲುವ ಹೆದರಿಕೆಯಲ್ಲಿ ತಾನು ಮಾಡಿದ್ದು ಎಂಥ ಕೆಲಸ ಎಂಬ ನಾಚಿಕೆ ಮೈಯೆಲ್ಲ ಸುಟ್ಟಿತು.

"ಬೈರಿ ಅಕ್ಕಾ."

"ಬೈದು ಏನು ಮಾಡ್ಲಿ? ಈಗ ತೋರಸು."

ಮಗ್ಗದ ಹಲಗೆಯ ಮೇಲೆಯೇ ಬೆರಳಿಟ್ಟು ತೋರಿಸಿದ. ಒದೆ, ಹೆಜ್ಜೆ, ಅರ್ಧ ಉಸಿರು, ಏಟು.

"ಲಾಳಿ ಆ ಕಡಿ ಮುಟ್ಟೂತನಾ ತಡೀಬೇಕು. ಅಷ್ಟ ಹೌದಲ್ಲ?"

"ಅಷ್ಟರಿ."

ಅವಳ ಬೆರಳು ಒಂದೇ ಸಲಕ್ಕೆ ಹಿಡಿಯಿತು. ಎರಡನೆಯ ಸಲ ಮಾಡಿ ನೋಡುವ ಅಗತ್ಯವೂ ಬೀಳಲಿಲ್ಲ.

"ಇಷ್ಟಕ್ಕ ಮುಚ್ಚಿಟ್ಟಿದ್ದಿ?" ಎಂದಳು. ಸಿಟ್ಟು ಅರ್ಧ ಇಳಿದಿತ್ತು, ಇನ್ನರ್ಧ ಇತ್ತು.

ಐದನೆಯ ತಿಂಗಳ ಭಾನುವಾರ ಬಂತು. ಬ್ಯಾನರಿಲ್ಲ, ಮೈಕಿಲ್ಲ. ಹತ್ತು ಗಂಟೆಗೆ ಗರಡಿಯಲ್ಲಿ ಏಳು ಮಂದಿ. ಬಾಳಪ್ಪಜ್ಜ ಉಡಿದಾರಕ್ಕೆ ಕೈಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಮೌನೇಶ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಬೀದಿಯನ್ನೇ ನೋಡುತ್ತಿದ್ದ.

ಹತ್ತೂಕಾಲಿಗೆ ಶಂಕ್ರವ್ವ ಬಂದಳು. ಅವಳ ಹಿಂದೆ ನೇಕಾರ ಓಣಿಯ ಮೂವರು ಹೆಣ್ಣುಮಕ್ಕಳು. ಅವರ ಹಿಂದೆ, ಟೀವಿಯೊಂದನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಅವಳ ಗಂಡ.

"ಎಂಟು, ಒಂಬತ್ತು, ಹತ್ತು, ಹನ್ನೊಂದು," ಎಂದು ಬಾಳಪ್ಪಜ್ಜ ಎಣಿಸಿದ. "ಟೀವಿ ಹೊತ್ತಾವ ಹನ್ನೆರಡು. ಏ, ನೀನೂ ಆಡಬೇಕು ಮತ್ತ!"

ಆಟ ಶುರುವಾಗುವ ಮೊದಲು ಮೌನೇಶ ಎಲ್ಲರ ಮುಂದೆ ನಿಂತ.

"ನಾಲ್ಕು ತಿಂಗಳು ನಾ ನಿಮಗ ಅರ್ಧ ಪಟ್ಟು ಕಲಿಸಿ ಮೋಸ ಮಾಡಿದೆ. ನಿಮ್ಮ ಕೈ ಸರಿ ಅದಾವು. ನಾ ಸರಿ ಇರಲಿಲ್ಲ. ಇವತ್ತು ಪೂರಾ ತೋರಸ್ತೀನಿ. ಆಟ ಆಮ್ಯಾಲ."

ಇಬ್ಬರು ಸಿಟ್ಟು ಮಾಡಿಕೊಂಡು ಎದ್ದು ಹೊರಗೆ ಹೋದರು. ಬೀಡಿ ಸೇದಿ ಮುಗಿಸಿ ಒಳಗೆ ಬಂದು ಕೂತರು.

ಅವತ್ತು ಮಧ್ಯಾಹ್ನದವರೆಗೆ ಗರಡಿಯಲ್ಲಿ ಪಾಠವೇ ನಡೆಯಿತು. ತೀರಾ ಕೊನೆಗೆ ಪಟ್ಟು ಹತ್ತಿದ್ದು ಟೀವಿ ಹೊತ್ತು ತಂದವನ ಕೈಗೆ. ಅವನಿಗೆ ಹತ್ತಿದಾಗ ಎಲ್ಲರೂ ಹೋ ಎಂದು ಕೂಗಿದರು. ನಾಲ್ಕು ತಿಂಗಳಲ್ಲಿ ಆ ಗರಡಿಯಲ್ಲಿ ಅಂಥ ಕೂಗು ಎದ್ದಿರಲಿಲ್ಲ.

ಕೀಲಿಯ ಮಾತನ್ನು ಬಾಳಪ್ಪಜ್ಜ ಎತ್ತಲಿಲ್ಲ.

ಮುಂದಿನ ತಿಂಗಳು ಹತ್ತೊಂಬತ್ತು ಮಂದಿ ಬಂದರು. ಅದರ ಮುಂದಿನದಕ್ಕೆ ಮೂವತ್ತು. ಕಲಿತವರು ಅಕ್ಕಪಕ್ಕದವರನ್ನು ಕರೆದುಕೊಂಡು ಬಂದರು, ಬಂದವರು ಕಲಿತು ಮತ್ತೊಬ್ಬರನ್ನು ತಂದರು. ಕುಷ್ಟಗಿಯಿಂದ ಒಂದು ಗುಂಪು ಟಂಟಂ ಗಾಡಿ ಮಾಡಿಕೊಂಡು ಬಂತು. ಇಳಕಲ್ಲಿನಿಂದ ಅಕ್ಕ ತಂಗಿಯರಿಬ್ಬರು ಬಂದರು. ದೂರದವರ ಆಟ ಮೊದಲಾಯಿತು. ಸೋತವರಿಗೆ ಎರಡನೆಯ ಅವಕಾಶ ಸಿಕ್ಕಿತು. ಬಾಳಪ್ಪಜ್ಜ ಅಖಾಡದ ಕಟ್ಟೆಯ ಮೇಲೆ ಕೂತು ತೀರ್ಪುಗಾರನಾದ. ಪರದೆಯ ಮೇಲೆ ಏನಾಗುತ್ತಿದೆ ಎಂಬುದು ಅವನಿಗೆ ಪೂರಾ ತಿಳಿಯುತ್ತಿತ್ತೋ ಇಲ್ಲವೋ, ಅವನ ಗಂಟಲು ಮಾತ್ರ ಮೊದಲಿನಂತಾಯಿತು.

ರೋಣದವರು ತಮ್ಮಲ್ಲೂ ಒಂದು ಟೂರ್ನಮೆಂಟು ಮಾಡುತ್ತೇವೆಂದು ಹೊರಟಾಗ, ಮೌನೇಶ ಹಗಲೆಲ್ಲ ಕೂತು ಹಲಗೆ ಬರೆಯುವ ರೀತಿ, ಆಟದ ಸರತಿ, ವೈರು ಎಳೆಯುವ ಬಗೆ ಎಲ್ಲವನ್ನೂ ಹೇಳಿಕೊಟ್ಟ. ಏನನ್ನೂ ಉಳಿಸಿಕೊಳ್ಳಲಿಲ್ಲ.

ಇನ್ನೊಂದು ಸೋಜಿಗ ನಡೆಯಿತು. ತನ್ನ ಪಟ್ಟು ಎಲ್ಲರಿಗೂ ಗೊತ್ತಾದ ಮೇಲೆ ಮೌನೇಶ ಅದರ ಮೇಲೆ ಕೂತು ಉಣ್ಣುವ ಹಾಗಿರಲಿಲ್ಲ. ಪ್ರತಿ ತಿಂಗಳೂ ಹೊಸದು ಹುಡುಕಬೇಕಾಯಿತು. ಅವನು ಆಡುತ್ತಿದ್ದ ಆಟ ನೋಡಿದರೆ, ಅಕ್ಕೋರ ಕೋಣೆಯಲ್ಲಿ ಆಡುತ್ತಿದ್ದವನು ಇವನೇನಾ ಎನ್ನಬೇಕು. ಹಾಗೆ ಬೆವರು ಸುರಿಸಿ ಗೆದ್ದ. ಗೆದ್ದು, ಬಿಚ್ಚಿ ತೋರಿಸಿ, ಮತ್ತೆ ಬರಿಗೈಯಾಗಿ ಮುಂದಿನ ತಿಂಗಳಿಗೆ ಕೂತ.

ಹತ್ತನೆಯ ತಿಂಗಳು ಐವತ್ನಾಲ್ಕು ಮಂದಿ. ಗರಡಿ ಸಾಲದೆ ಅಂಗಳಕ್ಕೆ ಚಪ್ಪರ ಹಾಕಿದರು. ಅವತ್ತು ಮೊದಲ ಬಸ್ಸಿಗೆ ಕಸ್ತೂರಿ ಅಕ್ಕೋರು ಬಂದರು. ಮೌನೇಶ ಕುರ್ಚಿ ತರಲು ಓಡಿದ. ಅವನು ತರುವುದರೊಳಗೆ ಅಕ್ಕೋರು ಎಲ್ಲರ ನಡುವೆ ಚಾಪೆಯ ಮೇಲೆ ಕೂತಾಗಿತ್ತು.

ಕೊನೆಯ ಆಟಕ್ಕೆ ಉಳಿದವರು ಮೌನೇಶ, ಶಂ‌ಕ್ರವ್ವ.

ಅವನೊಂದು ಗೆದ್ದ. ಅವಳೊಂದು ಗೆದ್ದಳು. ಮೂರನೆಯದರಲ್ಲಿ ಇಬ್ಬರ ಜಟ್ಟಿಗಳಿಗೂ ಒಂದೊಂದು ಏಟಿನ ಜೀವ ಉಳಿದಿತ್ತು. ಕೂತವರೆಲ್ಲ ಪರದೆಯತ್ತ ಬಾಗಿದರು. ಮೌನೇಶನ ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಶಂಕ್ರವ್ವ ಕೆಳಗಿನಿಂದ ಒದ್ದಳು. ಹಿಂದಕ್ಕೆ ಹೆಜ್ಜೆ ಇಟ್ಟಳು.

ಮೌನೇಶನಿಗೆ ಅದು ತನ್ನದೇ ಪಟ್ಟು. ಅರ್ಧ ಉಸಿರು ಎಣಿಸಿದ, ಏಟು ತಡೆಯಲು ತನ್ನ ಜಟ್ಟಿಯ ಕೈ ಎತ್ತಿಸಿದ. ಏಟು ಬರಲಿಲ್ಲ. ಜಟ್ಟಿಯ ಕೈ ಇಳಿಸಿದ. ಆಗ ಬಂತು. ಅರ್ಧ ಉಸಿರಿನ ಜಾಗದಲ್ಲಿ ಅವಳು ಇಡೀ ಉಸಿರು ತಡೆದಿದ್ದಳು.

ಅವನ ಜಟ್ಟಿ ಅಂಗಾತ ಬಿದ್ದ.

ಗರಡಿ ಬಿರಿಯುವ ಹಾಗೆ ಕೂಗೆದ್ದಿತು. ಮೌನೇಶನ ಕಿವಿ ಬಿಸಿಯಾದವು. ಯಾವುದಕ್ಕೆ ಅಷ್ಟು ಹೆದರಿದ್ದನೋ ಅದೇ ಆಗಿತ್ತು. ತನ್ನೂರು, ತನ್ನ ಪಟ್ಟು, ಅಪ್ಪನ ಎದುರು. ಮಂದಿ ಏನನ್ನುತ್ತಾರೋ ಎಂದು ಅವನು ತಲೆ ಎತ್ತಿದ.

ಮಂದಿ ಅವನ ಕಡೆ ನೋಡಲೇ ಇಲ್ಲ. ಅಷ್ಟೂ ಜನ ಶಂಕ್ರವ್ವನ ಸುತ್ತ ಮುಗಿಬಿದ್ದಿದ್ದರು. "ಹೆಂಗ ತಡದ್ಯವ್ವಾ?" "ಇನ್ನೊಮ್ಮೆ ತೋರಸು!" ಎಂದು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವನ ಅಪ್ಪನೂ ಚೌಕಟ್ಟು ಬಿಟ್ಟು ಆ ಗುಂಪಿನೊಳಗೆ ತೂರಿಕೊಳ್ಳುತ್ತಿದ್ದ.

ಮೌನೇಶನಿಗೆ ನಗು ಬಂತು. ನಗುತ್ತಿದ್ದಂತೆ ಕಣ್ಣು ತುಂಬಿದವು. ಅಲ್ಲಿಯವರೆಗೆ ಯಾವ ತಂಬಿಗೆ ಗೆದ್ದಾಗಲೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಶಂಕ್ರವ್ವ ಎಲ್ಲರನ್ನೂ ಕೂರಿಸಿ, ಮಷಿನ್ನಿನ ಮುಂದೆ ಕೂತು, ತನ್ನ ಪಟ್ಟನ್ನು ಬಿಚ್ಚತೊಡಗಿದಳು.

ಮೌನೇಶ ಎದ್ದು ಅಕ್ಕೋರ ಹತ್ತಿರ ಬಂದ. ಅವರ ಎದುರಿಗೆ ಮಂಡಿಯೂರಿ, ಪಾದಕ್ಕೆ ತಲೆಯಿಟ್ಟು, ಎದ್ದು ಕೂತ.

"ಅಕ್ಕೋರ, ಸೋತೆನ್ರಿ."

ಅಕ್ಕೋರು ಕತ್ತು ಉದ್ದ ಮಾಡಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ, ಅವನ ಹೆಗಲ ಆಚೆ ಏನನ್ನೋ ನೋಡಲು ಹೆಣಗುತ್ತಿದ್ದರು.

"ಅಕ್ಕೋರ?"

"ಜರಾ ಬಾಜೂ ಸರಿಯೋ ತಮ್ಮಾ. ಆಕಿ ಬೆರಳು ಕಾಣವಲ್ವು."